ಎರಡು ಬೆರಳು ಕಮ್ಮಿ

ಒಂದು ತೋಳು ಮುಗಿದಿತ್ತು. ಇನ್ನೊಂದನ್ನು ಶುರು ಮಾಡಲು ಅವನಿಗೆ ಮನಸ್ಸೇ ಬರುತ್ತಿರಲಿಲ್ಲ. ಕನ್ನಡಕದ ಅಂಗಡಿಯ ಗಾಜಿನ ಕಟ್ಟೆಯ ಕೆಳಗೆ, ಖಾಲಿ ಡಬ್ಬಿಗಳನ್ನು ಪೇರಿಸಿಟ್ಟ ಗೂಡಿನ ಪಕ್ಕದಲ್ಲಿ, ಬಟ್ಟೆಯ ಚೀಲದೊಳಗೆ ಸ್ವೆಟರು ಮಡಚಿಕೊಂಡು ಬಿದ್ದಿತ್ತು. ಬೆನ್ನು ಆಗಿತ್ತು, ಎದೆಯ ಎರಡು ಭಾಗ ಆಗಿತ್ತು, ಬಲತೋಳು ಆಗಿತ್ತು, ಎಲ್ಲವನ್ನೂ ಕೂಡಿಸಿ ಹೊಲಿದೂ ಆಗಿತ್ತು, ಗುಂಡಿಗಳು ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಎಡತೋಳಿನ ಜಾಗ ಮಾತ್ರ ಬಾಯಿ ಬಿಟ್ಟುಕೊಂಡಿತ್ತು. ಎರಡೂ ತೋಳು ಮುಗಿಯುವ ಮೊದಲೇ ಹೊಲಿಯಲು ಕೂರುವುದು ಹೆಣಿಗೆ ಬಲ್ಲವರು ಮಾಡುವ ಕೆಲಸವಲ್ಲ. ಅವನು ಬೇಕೆಂದೇ ಮಾಡಿದ್ದ. ಹೊಲಿದುಬಿಟ್ಟರೆ ಮತ್ತೆ ಬಿಚ್ಚಲು ಕೈ ಬರುವುದಿಲ್ಲ ಅನ್ನುವುದೊಂದೇ ಧೈರ್ಯ. ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಹೆಣೆದು ಅವನಿಗೆ ಸಾಕುಬೇಕಾಗಿಹೋಗಿತ್ತು. ಬೆಳಗ್ಗೆ ಹೆಂಡತಿ ಚೀಲದೊಳಗೆ ಇಣುಕಿ, "ಇದಿನ್ನೂ ಮುಗಿದಿಲ್ವಾ? ನೀವು ಮುಗಿಸೋ ಹೊತ್ತಿಗೆ ಆ ಕುರಿಗೆ ಇನ್ನೊಂದು ಸಲ ಉಣ್ಣೆ ಬೆಳೆದಿರುತ್ತೆ" ಅಂದಿದ್ದಳು. ಅವನು ನಕ್ಕಿದ್ದ. ಹೆಂಡತಿ ತಮಾಷೆ ಮಾಡಿದಾಗ ನಗದಿದ್ದರೆ ಏನಾಯಿತು ಅಂತ ಕೇಳುತ್ತಾಳೆ, ಕೇಳಿದರೆ ಹೇಳಬೇಕಾಗುತ್ತದೆ.

ಅರ್ಧಕ್ಕೆ ನಿಂತವು ಅವನ ಮನೆಯಲ್ಲಿ ಕಮ್ಮಿಯಿದ್ದವೇ? ಬೀರುವಿನ ಕೆಳಗಿನ ಖಾನೆ ಪೂರ್ತಿ ಅವೇ. ಒಂಟಿ ಕಾಲುಚೀಲವೊಂದಿತ್ತು, ಅದರ ಜೊತೆಯದನ್ನು ಹೆಣೆಯುವಷ್ಟರಲ್ಲಿ ಪಕ್ಕದ ಮನೆಯವರಿಗೆ ವರ್ಗವಾಗಿ ಅವರು ಸಾಮಾನು ಕಟ್ಟಿಕೊಂಡು ಹೊರಟೇಹೋದರು. ಭಾಮೈದನ ಮಗಳಿಗೆಂದು ಹಾಕಿದ ಟೋಪಿ ತುದಿ ಮುಟ್ಟುವ ಮೊದಲೇ ಅವಳ ತಲೆ ದೊಡ್ಡದಾಯಿತು. ಅಂಗಡಿಯ ಹಿರಿಯ ಯಜಮಾನರಿಗೆ ಮಫ್ಲರು ಶುರು ಮಾಡಿದ್ದ, ಅದು ಕತ್ತಿಗೊಂದು ಸುತ್ತು ಬರುವಷ್ಟಾಗಿತ್ತು, ಅಷ್ಟರಲ್ಲಿ ಅವರು ಕಣ್ಣು ಮುಚ್ಚಿದರು. ಜನ ಅವನ ಕಡ್ಡಿಗಳಿಗಿಂತ ಜೋರಾಗಿ ಓಡುತ್ತಿದ್ದರು, ಅವನೇನು ಮಾಡಲಿಕ್ಕಾಗುತ್ತದೆ. ಮುಗಿಸಿ ಕೊಟ್ಟವುಗಳ ಕತೆಯೂ ಏನು ಮಹಾ. ಈಗಿನ ಯಜಮಾನ, ಹಿರಿಯರ ಮಗ, ತಂದೆಯಾದಾಗ ಅವನು ಹಳದಿ ಬಣ್ಣದ ಟೋಪಿಯೊಂದನ್ನು ಕಣ್ಣು ನೋಯಿಸಿಕೊಂಡು ಹೆಣೆದು ಕೊಟ್ಟಿದ್ದ. ಮಗುವಿಗೆ ಉಲ್ಲನ್ ಚುಚ್ಚುತ್ತದಂತೆ. ಅದೀಗ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಮೆಷಿನ್ನಿನ ಮೋಟಾರಿಗೆ ಧೂಳು ಕೂರದ ಹಾಗೆ ಮುಚ್ಚಿಕೊಂಡಿತ್ತು. "ಎಷ್ಟು ಕರೆಕ್ಟಾಗಿ ಕೂತಿದೆ ನೋಡಿ, ಇದಕ್ಕೇ ಅಳತೆ ತಗೊಂಡ ಹಾಗಿದೆ" ಅಂದಿದ್ದ ಯಜಮಾನ, ಹೊಗಳುವ ದನಿಯಲ್ಲೇ. ನಾಚಿಕೆಗೇಡೆಂದರೆ, ಮೊದಲು ಅವನಿಗೆ ಖುಷಿಯೇ ಆಗಿತ್ತು. ಅಂಚಿನ ಪಟ್ಟಿ ಇನ್ನೂ ಸಡಿಲವಾಗಿಲ್ಲವಲ್ಲ ಅಂದುಕೊಂಡಿದ್ದ. ಅವಮಾನವೆನ್ನುವುದು ಸಂಜೆ ಬಸ್ಸಿನಲ್ಲಿ ನಿಂತಿದ್ದಾಗ ಹೊಳೆಯಿತು, ಆಗ ಹೊಳೆದು ಪ್ರಯೋಜನವೇನು.

ಗಂಡಸಾಗಿ ಹೆಣೆಯುತ್ತಾನೆ ಎಂದು ನಗುವವರ ಲೆಕ್ಕವನ್ನು ಅವನು ಎಂದೋ ಬಿಟ್ಟಿದ್ದ. ನಗಲಿ. ಆದರೆ ಈ ಹೆಣಿಗೆ ಅವನ ಕಣ್ಣಿಗೆ ಅಂಟಿಸಿದ ರೋಗವೊಂದಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಎದುರಿಗೆ ಯಾರು ಬಂದರೂ ಕಣ್ಣು ತಾನಾಗಿಯೇ ಅವರ ಭುಜದಿಂದ ಭುಜಕ್ಕೆ, ಕಂಕುಳಿನಿಂದ ಸೊಂಟಕ್ಕೆ ಓಡಿ ಇಷ್ಟು ಕುಣಿಕೆ, ಇಷ್ಟು ಸಾಲು ಎಂದು ಲೆಕ್ಕ ಹಾಕಿಬಿಡುತ್ತಿತ್ತು. ಟೇಪು ಬೇಕಿರಲಿಲ್ಲ. ಬಸ್ಸಿನ ಕಂಡಕ್ಟರು, ಬ್ಯಾಂಕಿನ ಹುಡುಗಿ, ಅಂಗಡಿಗೆ ಬಂದು ಅವನ ಮುಂದೆ ಮುಖ ಚಾಚಿ ಕೂರುವ ಗಿರಾಕಿಗಳು, ಎಲ್ಲರೂ ತಮಗೆ ತಿಳಿಯದೆಯೇ ಅವನಲ್ಲಿ ಅಳತೆ ಬಿಟ್ಟು ಹೋಗುತ್ತಿದ್ದರು. ಮಕ್ಕಳಾದರೆ ಎರಡು ಬೆರಳು ಜಾಸ್ತಿ ಸೇರಿಸಬೇಕು. ಬೆಳೆಯುವ ಮೈ, ಹೆಣೆದು ಮುಗಿಸುವಷ್ಟರಲ್ಲಿ ಇನ್ನಷ್ಟಾಗಿರುತ್ತದೆ. ಇದನ್ನೆಲ್ಲ ಕಲಿಸಿದವಳು ಅಕ್ಕನೇ. ಸೀದಾ ಒಂದು, ಉಲ್ಟಾ ಒಂದು, ದಾರ ಬಿಗಿ ಹಿಡೀಬೇಡ ಕಣೋ, ಅದೇನು ಕಳ್ಳನ ಕೈಯಾ, ಎಂದು ಅವಳು ಅವನ ಬೆರಳುಗಳ ಮೇಲೆ ತನ್ನ ಬೆರಳುಗಳನ್ನಿಟ್ಟು ತೋರಿಸಿದ್ದಳು. ಅಕ್ಕನ ಬೆರಳುಗಳು ದಪ್ಪಗೆ ಬೆಚ್ಚಗೆ ಇರುತ್ತಿದ್ದವು. ಈಗ ಅವನು ಭಾನುವಾರಗಳಲ್ಲಿ ಅವಳ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಆ ಬೆರಳುಗಳಲ್ಲಿ ಉಂಗುರ ನಿಲ್ಲದೆ ಅದಕ್ಕೆ ದಾರ ಸುತ್ತಿದ್ದನ್ನು ನೋಡುತ್ತಾ, "ಈ ವಾರ ಪರವಾಗಿಲ್ಲ ಅಕ್ಕ, ಮುಖದಲ್ಲಿ ಸ್ವಲ್ಪ ಗೆಲುವು ಬಂದಿದೆ" ಅನ್ನುತ್ತಿದ್ದ. ಗೆಲುವಂತೆ. ಹೇಳುವಾಗ ನಾಲಿಗೆ ಎಳೆಯುತ್ತಿತ್ತು, ಆದರೂ ಹೇಳುತ್ತಿದ್ದ.

ಯಾಕೆಂದರೆ ಅಕ್ಕನ ಮಗಳಿಗೆ ಮಾತು ಕೊಟ್ಟಿದ್ದ. ಡಾಕ್ಟರು ಅವಳೊಬ್ಬಳನ್ನೇ ಪಕ್ಕದ ಕೋಣೆಗೆ ಕರೆದು, ಹೊಟ್ಟೆಯೊಳಗಿನದು ಎಲ್ಲ ಕಡೆ ಹರಡಿದೆ, ಇನ್ನು ಮೇಲೆ ಔಷಧಿ ನೋವಿಗೆ ಮಾತ್ರ ಎಂದಿದ್ದರಂತೆ. ಅವಳು ಅದನ್ನು ಅವನಿಗೆ ಹೇಳಿದ್ದು ಆಸ್ಪತ್ರೆಯ ಮೆಟ್ಟಿಲ ಮೇಲೆ, ಒಂದು ಕೈಯಲ್ಲಿ ಎಕ್ಸರೇ ಲಕೋಟೆ, ಇನ್ನೊಂದರಲ್ಲಿ ಅಕ್ಕನ ಚಪ್ಪಲಿ ಹಿಡಿದುಕೊಂಡು. "ಅಮ್ಮನಿಗೆ ಗೊತ್ತಾಗಬಾರದು ಮಾವ. ಅವಳು ಹುಷಾರಾಗ್ತಿದೀನಿ ಅಂದ್ಕೊಂಡಿದಾಳೆ. ಹಾಗೇ ಇರ್ಲಿ. ಅವಳ ಮುಂದೆ ತೂಕ ಗೀಕ ಅಂತ ಎತ್ತಬೇಡಿ." ಎತ್ತುವುದಿಲ್ಲ ಅಂದ. ಅವಳು ಮನೆಯಿಂದ ತೂಕದ ಯಂತ್ರವನ್ನು ಸಾಗಹಾಕಿದಳು, ಬಚ್ಚಲುಮನೆಯ ಕನ್ನಡಿ ಒಡೆದುಹೋಯಿತು ಅಂತ ಸುಳ್ಳು ಹೇಳಿ ಅಟ್ಟಕ್ಕೆ ಹಾಕಿದಳು. ಮಗಳು ಅಷ್ಟು ಮಾಡುವಾಗ ಅವನು ಒಂದು ಮಾತನ್ನು ನುಂಗಿಕೊಂಡಿರುವುದು ದೊಡ್ಡದಲ್ಲ. ಬಾಯಿ ಸುಮ್ಮನಿತ್ತು. ಕೈ ಸುಮ್ಮನಿರಬೇಕಲ್ಲ.

ಈ ಸ್ವೆಟರಿಗೆ ನೇರಳೆ ಬಣ್ಣದ ಉಲ್ಲನ್ನನ್ನು ಅಕ್ಕನೇ ಆರಿಸಿದ್ದಳು, ಬೂದಿ ಬಣ್ಣ ಬೇಡ, ಮುದುಕಿ ಥರ ಕಾಣ್ತೀನಿ ಎಂದಿದ್ದಳು. ಮೊದಲ ಸಲ ಅವನು ಹೆಣೆದದ್ದು ಅವನ ತಲೆಯೊಳಗಿದ್ದ ಅಕ್ಕನಿಗೆ, ಬಾಗಿಲಲ್ಲಿ ನಿಂತರೆ ಹಿಂದಿನ ಬೆಳಕು ಕಾಣದಂತಿದ್ದವಳಿಗೆ. ಬೆನ್ನಿನ ಭಾಗ ಮುಗಿಸಿ ಭಾನುವಾರ ಹೋಗಿ ನೋಡಿದರೆ ಅದು ಅವಳದ್ದಾಗಿರಲಿಲ್ಲ. ಬಿಚ್ಚಿದ. ಎರಡನೆಯ ಸಲ ಆ ಭಾನುವಾರದ ಅಕ್ಕನಿಗೆ ಹೆಣೆದ. ಕಂಕುಳಿನವರೆಗೆ ಬರುವಷ್ಟರಲ್ಲಿ ಇನ್ನೊಂದು ಭಾನುವಾರ, ಇನ್ನೊಂದು ಅಕ್ಕ. ಬಿಚ್ಚುವಾಗ ದಾರ ಜರ್ರನೆ ಬರುತ್ತಿತ್ತು, ಹೆಣೆಯಲು ಹಿಡಿದ ಹೊತ್ತಿನ ನೂರರಲ್ಲೊಂದು ಪಾಲಿನಲ್ಲಿ ಎಲ್ಲ ಮುಗಿದುಹೋಗುತ್ತಿತ್ತು, ಅವನ ಮಡಿಲಲ್ಲಿ ಗುಂಗುರು ಗುಂಗುರಾಗಿ ರಾಶಿ ಬೀಳುತ್ತಿತ್ತು. ದೊಡ್ಡದಾಗಿಯೇ ಹೆಣೆದು ಕೊಟ್ಟರೆ ಆಗದೇ? ಅದನ್ನು ಹಾಕಿಕೊಂಡು ಅವಳು ಅದರೊಳಗೆ ತೇಲುವುದನ್ನು ಅವಳೇ ನೋಡಬೇಕು. ಅಂಗಡಿಯಲ್ಲಿ ಕೊಂಡದ್ದು ದೊಗಳೆಯಾದರೆ ಅಂಗಡಿಯವನ ತಪ್ಪು. ತಮ್ಮ ಕೈಯಾರೆ ಹೆಣೆದದ್ದು, ಎಂದೂ ಅಳತೆ ತಪ್ಪದವನು ಹೆಣೆದದ್ದು ದೊಗಳೆಯಾದರೆ ತಪ್ಪು ಎಲ್ಲಿದೆಯೆಂದು ಯಾರಿಗಾದರೂ ಗೊತ್ತಾಗುತ್ತದೆ. ಹೀಗೆ ನಾಲ್ಕನೆಯ ಸಲ ಬಿಚ್ಚಿದ ದಿನ, ಬೇಸತ್ತು, ಕಣ್ಣು ಉರಿಯುತ್ತಿರುವಾಗ, ಅವನು ಆ ಕೆಲಸ ಮಾಡಿದ. ಅವಳ ಈಗಿನ ಅಳತೆಗಿಂತ ಎರಡು ಬೆರಳು ಕಮ್ಮಿ ಹಾಕಿದ. ಸ್ವೆಟರು ಬೇಕಾಗುವುದು ಚಳಿ ಶುರುವಾದಾಗ, ಅದಕ್ಕಿನ್ನೂ ಎರಡು ತಿಂಗಳಿದೆ, ಆ ಹೊತ್ತಿಗೆ ಸರಿಹೋಗುತ್ತದೆ. ಇಷ್ಟೇ ಅಂದುಕೊಂಡದ್ದು. ಮಕ್ಕಳಿಗೆ ಎರಡು ಬೆರಳು ಜಾಸ್ತಿ ಹಾಕುವ ಅದೇ ಕೈ, ಅದೇ ಲೆಕ್ಕ. ಕಡ್ಡಿಗೆ ಕುಣಿಕೆಗಳನ್ನೆಲ್ಲ ಏರಿಸಿ ಮುಗಿಸಿದ ಮೇಲೆ ತಾನೇನು ಮಾಡಿದೆ ಎಂಬುದು ಅವನಿಗೆ ತಿಳಿಯಿತು. ತಿಳಿದ ಮೇಲೂ ಬಿಚ್ಚಲಿಲ್ಲ. ಅಕ್ಕ ಎಷ್ಟು ಕರಗುತ್ತಾಳೆಂದು ಮುಂಗಡವಾಗಿ ಲೆಕ್ಕ ಕಟ್ಟಿ ಅದನ್ನು ಉಡುಗೊರೆಯೆಂದು ಕೊಡಲು ಹೊರಟಿದ್ದೇನೆ, ನನ್ನಂಥ ತಮ್ಮನನ್ನು ಯಾರೂ ಪಡೆಯಬಾರದು ಎಂದು ಅವನಿಗೆ ಬಸ್ಸಿನಲ್ಲಿ, ಕಟ್ಟೆಯ ಹಿಂದೆ, ಊಟದ ನಡುವೆ ಅನಿಸುತ್ತಿತ್ತು. ಹೆಂಡತಿ ಇನ್ನೊಂದು ಸೌಟು ಬಡಿಸಿದರೆ ಸುಮ್ಮನೆ ತಿನ್ನುತ್ತಿದ್ದ.

ಮಧ್ಯಾಹ್ನ ಅಂಗಡಿ ಖಾಲಿಯಿತ್ತು. ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸಿ ತಿರುಗಿಸಿ ಕೊಡುತ್ತಿತ್ತು. ಯಜಮಾನ ಕುರ್ಚಿಯಲ್ಲಿ ಒರಗಿ ಫೋನಿನಲ್ಲಿ ಏನನ್ನೋ ನೋಡುತ್ತಾ ನಗುತ್ತಿದ್ದ. ಅವನು ಒಂದು ಹಳೆಯ ಫ್ರೇಮಿನ ತಿರುಪು ಬಿಗಿಮಾಡುತ್ತಾ ಬಾಗಿಲ ಕಡೆ ನೋಡಿದರೆ, ಬಿಸಿಲಿನಿಂದ ಅಕ್ಕ ಒಳಗೆ ಬರುತ್ತಿದ್ದಾಳೆ, ಮಗಳ ತೋಳು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕನ್ನಡಕವನ್ನು ಮೂಗಿಗೆ ಒತ್ತಿಕೊಂಡು. ಕೋಣೆಯೊಳಗೆ, ಹೊದಿಕೆಯ ಕೆಳಗೆ ನೋಡುವ ಅಕ್ಕನೇ ಬೇರೆ. ಬೀದಿಯ ಬೆಳಕಿನಲ್ಲಿ ನಾಲ್ಕು ಜನರ ನಡುವೆ ನಡೆದು ಬಂದ ಈ ಅಕ್ಕನನ್ನು ನೋಡಿ ಅವನು ಕೈಯಲ್ಲಿದ್ದ ಫ್ರೇಮನ್ನು ಕೆಳಗಿಟ್ಟ. ಕಣ್ಣು ಹಾಳಾಗಿಹೋಗಲಿ, ಅದು ಅಷ್ಟರಲ್ಲೇ ಭುಜದಿಂದ ಭುಜಕ್ಕೆ ಓಡಿ ಬಂದಿತ್ತು.

"ಪಾಪೂ" ಎಂದಳು ಅಕ್ಕ ಗಟ್ಟಿಯಾಗಿ. ಐವತ್ತು ದಾಟಿದವನನ್ನು ಅಂಗಡಿಯ ನಡುವೆ ಪಾಪು ಅನ್ನುವವಳು ಜಗತ್ತಿನಲ್ಲಿ ಇವಳೊಬ್ಬಳೇ. ಯಜಮಾನ ಫೋನಿನಿಂದ ತಲೆಯೆತ್ತಿ ಹಲ್ಲು ಕಿರಿದ. "ಈ ಕನ್ನಡಕಕ್ಕೆ ಏನಾಗಿದೆ ನೋಡು. ನಿಲ್ಲೋದೇ ಇಲ್ಲ. ಬೆಳಗ್ಗೆ ತಟ್ಟೆಗೇ ಬಿತ್ತು."

"ಮನೇಲಿ ಕೊಡು, ನಾನೇ ತಂದು ಮಾಡಿಸ್ತೀನಿ ಅಂದ್ರೆ ಕೇಳಲ್ಲ ಮಾವ" ಎಂದಳು ಮಗಳು. "ನಾನೇ ಬರ್ತೀನಿ ಅಂತ ಒಂದೇ ಹಟ."

"ಹೌದು, ಮೂಗು ನಂದಲ್ವಾ? ಮೂಗನ್ನ ನಿನ್ನ ಕೈಯಲ್ಲಿ ಕಳಿಸೋಕಾಗುತ್ತಾ?"

ಮಗಳು ಅಕ್ಕನನ್ನು ಗಿರಾಕಿಗಳ ಸ್ಟೂಲಿನ ಮೇಲೆ ಕೂರಿಸಿ, ಎದುರಿನ ಔಷಧಿ ಅಂಗಡಿಗೆ ಹೋಗಿ ಬರುತ್ತೇನೆಂದಳು. ಹೊರಡುವ ಮುಂಚೆ ಅವನ ಹತ್ತಿರ ಬಾಗಿ, "ಮಾವ, ಕನ್ನಡಿ" ಎಂದು ಪಿಸುಗುಟ್ಟಿದಳು. ಅವನು ಕಟ್ಟೆಯ ಮೇಲಿದ್ದ ಗುಂಡು ಕನ್ನಡಿಯನ್ನು ಒರೆಸುವವನಂತೆ ತೆಗೆದು ಬೋರಲು ಹಾಕಿದ. ಆದರೆ ಅದು ಕನ್ನಡಕದಂಗಡಿ. ಗೋಡೆಗೆ ಆಳುದ್ದ ಕನ್ನಡಿ, ಕಪಾಟುಗಳ ಹಿಂಬದಿಗೆ ಕನ್ನಡಿ, ಕಂಬಕ್ಕೆ ನಾಲ್ಕೂ ಕಡೆ ಕನ್ನಡಿ. ಎಷ್ಟನ್ನು ಬೋರಲು ಹಾಕುತ್ತಾನೆ? "ಕೊಡು ಇಲ್ಲಿ" ಎಂದು ಅವಳ ಮುಖದಿಂದ ಕನ್ನಡಕವನ್ನು ಬೇಗನೆ ತೆಗೆದುಕೊಂಡ. ಅದಿಲ್ಲದೆ ಅಕ್ಕನಿಗೆ ಮಾರುದೂರದ ಮುಖವೂ ಮಬ್ಬು. ಸದ್ಯ, ಎಂದುಕೊಂಡ, ಮತ್ತೆ ತನ್ನ ಸದ್ಯಕ್ಕೆ ತಾನೇ ನಾಚಿಕೊಂಡ.

"ಫ್ರೇಮು ಸಡಿಲ ಆಗಿದೆ ಅಕ್ಕ. ಹಳೇದಾಯ್ತಲ್ಲ, ಹಾಗಾಗುತ್ತೆ."

"ಹೌದಾ? ಮೊನ್ನೆ ಮೊನ್ನೆ ಮಾಡಿಸಿದ ಹಾಗಿತ್ತು."

"ಕೆಲವು ಹಾಗೇ. ಬೇಗ ಸಡಿಲ ಆಗುತ್ತವೆ."

ಫ್ರೇಮು ಒಂದಿಷ್ಟೂ ಸಡಿಲವಾಗಿರಲಿಲ್ಲ. ಕಿವಿಯ ಕಡ್ಡಿಗಳು ಅವನು ಆರು ತಿಂಗಳ ಹಿಂದೆ ಬಗ್ಗಿಸಿದ್ದಲ್ಲೇ ಬಗ್ಗಿದ್ದವು, ಮೂಗಿನ ದಿಂಬುಗಳು ಕೂರಿಸಿದ್ದಲ್ಲೇ ಕೂತಿದ್ದವು. ಅವನು ಬಿಸಿಗಾಳಿಯ ಡಬ್ಬಿಯನ್ನು ಹಾಕಿ ಕಿವಿಯ ತುದಿಯನ್ನು ಕಾಯಿಸತೊಡಗಿದ. ಇದು ಎರಡು ನಿಮಿಷದ ಕೆಲಸ. ಅವನು ಕಾಯಿಸಿದ, ಆರಿಸಿದ, ಮತ್ತೆ ಕಾಯಿಸಿದ. ಮಗಳು ಬರುವವರೆಗೆ ಎಳೆದರೆ ಕಣ್ಣಿಗೆ ಹಾಕಿ ಕೂಡಲೇ ಬಾಗಿಲಿನ ಕಡೆ ತಿರುಗಿಸಿ ಕಳಿಸಿಬಿಡಬಹುದು. ಯಜಮಾನನಿಗೆ ಆ ಹೊತ್ತಿನಲ್ಲೇ ಸೌಜನ್ಯ ಉಕ್ಕಿತು. "ಏನಿಲ್ಲ ಬಿಡಿ, ಮೇಡಮ್ಮು ಸಣ್ಣ ಆಗಿದಾರೆ, ಅದಕ್ಕೇ ನಿಲ್ತಿಲ್ಲ. ಒಳ್ಳೇದೇ ಆಯ್ತಲ್ಲ? ನಾವು ದುಡ್ಡು ಸುರಿದು ಜಿಮ್ಮಿಗೆ ಹೋದ್ರೂ ಒಂದಿಂಚು ಇಳಿಯಲ್ಲ" ಎಂದು ತನ್ನ ಹೊಟ್ಟೆಯನ್ನು ತಟ್ಟಿಕೊಂಡ. ಇವನ ಕೈಯಲ್ಲಿದ್ದ ಕನ್ನಡಕದ ಕಡ್ಡಿ ಮುರಿಯಬೇಕಿತ್ತು, ಹೇಗೋ ಮುರಿಯಲಿಲ್ಲ. ಈ ಮನುಷ್ಯನ ಬಾಯಿಗೆ ಆ ಹಳದಿ ಟೋಪಿಯನ್ನೇ ತುರುಕಬೇಕು ಅನ್ನಿಸಿತು. ಏನಾದರೂ ಹೇಳಬೇಕು, ಮಾತು ತಿರುಗಿಸಬೇಕು, ಬಿಸಿಲಿನ ಬಗ್ಗೆ, ಬಸ್ಸಿನ ಬಗ್ಗೆ, ಏನಾದರೂ. ಅಕ್ಕ ಮಾತ್ರ ನಕ್ಕಳು. "ನೋಡಪ್ಪ, ನನಗೆ ಒಂದು ಬಿಡಿಗಾಸೂ ಖರ್ಚಾಗಲಿಲ್ಲ" ಎಂದಳು. ಯಜಮಾನನಿಗೆ ಯಾರದೋ ಫೋನು ಬಂತು, ಮಾತಾಡುತ್ತಾ ಹಿಂದಿನ ಕೋಣೆಗೆ ಹೋದ.

ಕನ್ನಡಕವಿಲ್ಲದ ಅಕ್ಕನ ಕಣ್ಣುಗಳು ದೊಡ್ಡದಾಗಿ, ಎಲ್ಲಿಗೂ ಸೇರದವುಗಳಂತೆ ಕಂಡವು. ಮೂಗಿನ ಎರಡು ಪಕ್ಕ ಕನ್ನಡಕದ ದಿಂಬು ಊರಿದ ಕಲೆ ಮಾತ್ರ ಹಳೆಯ ಅಕ್ಕನದ್ದು. ಅವಳು ಕೈ ಚಾಚಿ ಕಟ್ಟೆಯ ಅಂಚನ್ನು ತಡವಿದಳು, ಕೆಳಗೆ ಗೂಡಿನ ಕಡೆ ಬಾಗಿದಳು. ಚೀಲದ ಬಾಯಿಂದ ನೇರಳೆ ದಾರದ ತುದಿಯೊಂದು ಇಳಿಬಿದ್ದಿತ್ತು. ಮಬ್ಬಿನಲ್ಲೂ ಬಣ್ಣ ಕಂಡಿರಬೇಕು.

"ಇದು ನಂದಲ್ವಾ?"

"ಇನ್ನೂ ಮುಗಿದಿಲ್ಲ ಅಕ್ಕ. ಒಂದು ತೋಳು ಬಾಕಿ. ಮುಗಿದ ಮೇಲೆ ನೋಡುವೆಯಂತೆ."

"ಕೊಡೋ ಇಲ್ಲಿ. ನೋಡಿದ್ರೆ ಸವೆದು ಹೋಗುತ್ತಾ?"

ಅವನು ಕೊಡಬಾರದಿತ್ತು. ಆದರೆ ಹುಟ್ಟಿದಾಗಿನಿಂದ ಆ ದನಿಗೆ ಇಲ್ಲ ಅಂದು ಗೊತ್ತಿರಲಿಲ್ಲ. ಅಕ್ಕ ಸ್ವೆಟರನ್ನು ಮಡಿಲಲ್ಲಿ ಹರಡಿಕೊಂಡು ಕಣ್ಣಿನಿಂದಲ್ಲ, ಬೆರಳಿನಿಂದ ನೋಡಿದಳು. ಅಂಚಿನ ಪಟ್ಟಿ, ಹೊಲಿಗೆ, ಗುಂಡಿಮನೆ. "ಹೆಣಿಗೆಗೆ ನಿನ್ನ ಕೈ ಚೆನ್ನಾಗಿ ಕೂತಿದೆ" ಎಂದಳು. "ಕತ್ತಿಗೆ ಸ್ವಲ್ಪ ಬಿಗಿ ಹಿಡಿದಿದ್ದೀಯ, ನಿನ್ನ ಚಾಳಿ." ಆಮೇಲೆ ಇಳಿಬಿದ್ದ ದಾರದ ತುದಿಯನ್ನು ಹಿಡಿದು ಎಳೆದು ಬಿಟ್ಟಳು. ಅದು ಸುರುಳಿ ಸುರುಳಿಯಾಗಿ ಹಿಂದಕ್ಕೆ ಸೇರಿಕೊಂಡಿತು. ಇನ್ನೊಮ್ಮೆ ಎಳೆದಳು, ಬೆರಳ ನಡುವೆ ಹೊಸೆದಳು. ಬಿಚ್ಚಿದ ಉಲ್ಲನ್ನನ್ನು ತೊಳೆದು, ಕೆಳಗೆ ಭಾರ ಕಟ್ಟಿ ಒಣಗಿಸಿದರೆ ಮಾತ್ರ ಅದರ ಸುಕ್ಕು ಹೋಗುತ್ತದೆ. ಅದನ್ನು ಕಲಿಸಿದವಳೂ ಇವಳೇ. ಅವನಿಗೆ ಒಂದು ಸಲವೂ ಅಷ್ಟು ಪುರುಸೊತ್ತು ಇರಲಿಲ್ಲ.

"ಎಷ್ಟು ಸಲ ಬಿಚ್ಚಿದೀಯೋ ಇದನ್ನ?"

"ಅದು... ಒಂದ್ಸಲ ಲೆಕ್ಕ ತಪ್ಪಿತು."

"ಒಂದ್ಸಲ ಬಿಚ್ಚಿದ ದಾರ ಅಲ್ಲ ಇದು. ನಿನಗ್ಯಾವಾಗ ಲೆಕ್ಕ ತಪ್ಪಿತ್ತು?"

ಬಿಸಿಗಾಳಿಯ ಡಬ್ಬಿ ಗುಯ್ ಅನ್ನುತ್ತಿತ್ತು, ಆರಿಸಲು ಮರೆತಿದ್ದ. ಅಕ್ಕ ಎದ್ದು ನಿಂತು, ಸ್ಟೂಲು ಹಿಡಿದು ಒಂದು ಗಳಿಗೆ ಸುಧಾರಿಸಿಕೊಂಡು, ಬಲಗೈಯನ್ನು ತೋಳಿನೊಳಗೆ ಹಾಕಿದಳು. ಎಡಗೈಯನ್ನು ತೋಳಿಲ್ಲದ ಜಾಗದಿಂದ ತೂರಿಸಿದಳು. ಬೇಡ ಅಕ್ಕ, ಸೆಕೆ, ಬೆವರುತ್ತೀಯ ಎಂದು ಅವನು ಏನೇನೋ ಅಂದ. ಅವಳು ಕೆಳಗಿನಿಂದ ಒಂದೊಂದೇ ಗುಂಡಿ ಹಾಕಿದಳು, ನಿಧಾನವಾಗಿ, ಚಿಕ್ಕಂದಿನಲ್ಲಿ ಸ್ಕೂಲಿಗೆ ಕಳಿಸುವಾಗ ಅವನಿಗೆ ಹಾಕುತ್ತಿದ್ದಷ್ಟೇ ಗಮನ ಕೊಟ್ಟು. ಕೊನೆಯ ಗುಂಡಿಯೂ ಬಿತ್ತು. ಸ್ವೆಟರು ಭುಜದ ಮೂಳೆಯ ಮೇಲೆ ಎಲ್ಲಿ ಕೂರಬೇಕೋ ಅಲ್ಲೇ ಕೂತಿತು, ಎದೆಯ ಹತ್ತಿರ ಎಳೆಯಲಿಲ್ಲ, ಸೊಂಟದ ಹತ್ತಿರ ಜೋಲಲಿಲ್ಲ. ಅವನು ಇಷ್ಟು ವರ್ಷಗಳಲ್ಲಿ ಹೆಣೆದದ್ದರಲ್ಲಿ ಯಾವುದೂ ಯಾರ ಮೈಗೂ ಇಷ್ಟು ಸರಿಯಾಗಿ ಕೂತಿರಲಿಲ್ಲ. ಎರಡು ತಿಂಗಳ ಆಚೆಯ ಅಕ್ಕನಿಗೆ ಹೆಣೆದದ್ದು ಇವತ್ತಿನ ಅಕ್ಕನಿಗೆ ಸರಿಹೋಗಿತ್ತು. ಅವನು ಬಿಸಿಗಾಳಿಯ ಡಬ್ಬಿಯನ್ನು ಆರಿಸಿ, ಕಟ್ಟೆ ಹಿಡಿದುಕೊಂಡ.

"ಕನ್ನಡಕ ಕೊಡು" ಎಂದಳು ಅಕ್ಕ.

"ಇನ್ನೂ ಬಿಸಿ ಇದೆ."

"ಕೊಡೋ ಪಾಪು."

ಕೊಟ್ಟ. ಅಲ್ಲ, ಎರಡೂ ಕೈಯಲ್ಲಿ ಹಿಡಿದು ತಾನೇ ಅವಳ ಮುಖಕ್ಕೆ ಇಟ್ಟ, ಕಿವಿಯ ಹಿಂದೆ ಒತ್ತಿ ಕೂರಿಸಿದ, ದಿನಕ್ಕೆ ಇಪ್ಪತ್ತು ಮುಖಗಳಿಗೆ ಮಾಡುವ ಹಾಗೆ. ಕನ್ನಡಕ ನಿಂತಿತು. ಅಕ್ಕ ಗೋಡೆಯ ಕನ್ನಡಿಗೆ ತಿರುಗಿದಳು. ಅವನು ನೆಲ ನೋಡಿದ. ನೆಲದ ಮೇಲೆ ಗಾಜಿನ ಪುಡಿ ಒಂದಿಷ್ಟು ಮಿನುಗುತ್ತಿತ್ತು, ಬೆಳಗ್ಗೆ ಗುಡಿಸಿದ್ದು ಸಾಲದಾಗಿತ್ತು. ಅಳುತ್ತಾಳೆಂದು ಅವನು ಕಾದ. ಅತ್ತರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ, ಅಳದಿದ್ದರೆ ಏನು ಮಾಡಬೇಕೆಂದೂ ಗೊತ್ತಿರಲಿಲ್ಲ.

"ಸರಿಯಾಗಿದೆಯಲ್ಲೋ" ಎಂದಳು ಕೊನೆಗೆ. "ಇವತ್ತೇ ಅಳತೆ ತಗೊಂಡ ಹಾಗಿದೆ. ಇವತ್ತಿಗೇ ಅಂತ ಹೆಣೆದೆಯಾ?"

ಹೂಂ ಅಂದುಬಿಡಬಹುದಿತ್ತು. ಒಂದು ಹೂಂ. ಇಷ್ಟು ಭಾನುವಾರ ಗೆಲುವು ಗೆಲುವು ಅಂದ ಬಾಯಿಗೆ ಅದೇನು ದೊಡ್ಡ ಕೆಲಸ. "ಇಲ್ಲ" ಎಂದ. "ಚಳಿಗಾಲಕ್ಕೆ ಅಂತ ಅಂದ್ಕೊಂಡಿದ್ದೆ."

ಅಕ್ಕ ಕನ್ನಡಿಯಲ್ಲೇ ಅವನನ್ನು ನೋಡಿದಳು. ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. "ಓ" ಎಂದಳು. ಆಮೇಲೆ, "ನಿನ್ನ ಚಡ್ಡಿ ಹೊಲಿಯುವಾಗ ಕೆಳಗೆ ಮಡಿಕೆ ಬಿಡ್ತಿದ್ದೆ, ವರ್ಷಕ್ಕೊಂದು ಮಡಿಕೆ ಬಿಚ್ಚೋದು. ನೀನು ನನಗೆ ಅದನ್ನೇ ತಿರುಗುಮುರುಗು ಮಾಡಿದೀಯ."

"ತಪ್ಪಾಯ್ತು ಅಕ್ಕ."

"ತಪ್ಪೇನು ಬಂತು. ಲೆಕ್ಕ ಸ್ವಲ್ಪ ತಪ್ಪಿದೆ ಅಷ್ಟೇ. ನಾನು ನಿನಗಿಂತ ಮುಂದಿದೀನಿ." ಅವಳು ಸ್ಟೂಲಿನ ಮೇಲೆ ಕೂತಳು, ಉಸಿರು ತಗೊಂಡಳು. "ನೀನೇನು ನನಗೆ ಹೊಸದು ಹೇಳ್ತಿದೀಯ ಅಂದ್ಕೋಬೇಡ. ಆ ಹುಡುಗಿ ನಾನು ಮಲಗಿದ ಮೇಲೆ ನನ್ನ ಬಟ್ಟೆಗಳನ್ನೆಲ್ಲ ತಗೊಂಡು ಪಕ್ಕಕ್ಕೆ ಹೊಲಿಗೆ ಹಾಕಿ ಹಾಕಿ ಚಿಕ್ಕದು ಮಾಡಿಡ್ತಾಳೆ. ಬೆಳಗ್ಗೆ ನಾನು ಏನೂ ಗೊತ್ತಿಲ್ಲದವಳ ಹಾಗೆ ಹಾಕ್ಕೋತೀನಿ. ಬಿಗಿಯಾಗ್ತಿದೆ, ದಪ್ಪ ಆಗಿದೀನಿ ಕಣೇ ಅಂತೀನಿ. ಅವಳಿಗೆ ಎಷ್ಟು ಖುಷಿಯಾಗುತ್ತೆ ಗೊತ್ತಾ? ಅಡುಗೆಮನೆಗೆ ಹೋಗಿ ಅತ್ತು ಬರ್ತಾಳೆ." ನಗಲು ಹೋಗಿ ಕೆಮ್ಮಿದಳು. "ಸಾಕಾಗಿದೆ ಪಾಪು. ಕಾಯಿಲೆ ಬೇರೆ ನೋಡ್ಕೋಬೇಕು, ನಿಮ್ಮನ್ನೆಲ್ಲ ಬೇರೆ ನೋಡ್ಕೋಬೇಕು. ನೀನು ಭಾನುವಾರ ಬಂದು ಗೆಲುವು ಬಂದಿದೆ ಅಂದಾಗ ಹೌದೇನೋ ಅಂತ ತಲೆಯಾಡಿಸ್ತೀನಲ್ಲ, ಅದಕ್ಕೂ ಶಕ್ತಿ ಬೇಕು."

ಅವನಿಗೆ ಅಳು ಬಂತು. ಐವತ್ತು ದಾಟಿದವನು, ಕಟ್ಟೆಯ ಹಿಂದೆ, ಬೀದಿಗೆ ಕಾಣುವ ಹಾಗೆ ಅತ್ತ. ಕನ್ನಡಕ ಒರೆಸುವ ತುಂಡುಬಟ್ಟೆಯಿಂದ ಮೂಗೊರೆಸಿಕೊಂಡ. ಅಕ್ಕ ಸಮಾಧಾನ ಮಾಡಲಿಲ್ಲ. ಮೊದಲ ಸಲ, ಅವನನ್ನು ಸಮಾಧಾನ ಮಾಡುವ ಕೆಲಸ ತನ್ನದಲ್ಲವೆಂಬಂತೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದು ಅವನಿಗೆ ಹೇಗೋ ಹಗುರವೆನಿಸಿತು. ಇಷ್ಟು ದಿನ ಮಂಚದ ಪಕ್ಕ ಕೂತು ತಾನು ಅವಳಿಗೆ ಏನೋ ಕೊಡುತ್ತಿದ್ದೇನೆ ಅಂದುಕೊಂಡಿದ್ದ. ಅವಳು ಅದನ್ನು ತಗೊಂಡಂತೆ ಮಾಡಿ ಬದಿಗಿಟ್ಟು, ಅವನು ಹೋದ ಮೇಲೆ ಸುಸ್ತಾಗಿ ಗೋಡೆಗೆ ತಿರುಗಿ ಮಲಗುತ್ತಿದ್ದಳೇನೋ.

"ಎಷ್ಟು ದಿನ ಸರಿಹೋಗುತ್ತೆ ಇದು ನನಗೆ?" ಎಂದು ಕೇಳಿದಳು. ಸ್ವೆಟರಿನ ಬಗ್ಗೆ ಯಾರಾದರೂ ಕೇಳುವ ಹಾಗೆಯೇ ಕೇಳಿದಳು. "ನಿನ್ನ ಕಣ್ಣಿಗೆ ಗೊತ್ತಾಗುತ್ತಲ್ಲ. ಡಾಕ್ಟರು ಹೇಳಲ್ಲ, ಆ ಹುಡುಗಿ ಹೇಳಲ್ಲ. ನೀನು ಹೇಳು."

ಕಣ್ಣು ಅವನು ಬೇಡವೆಂದರೂ ಓಡಿತು, ಭುಜದಿಂದ ಭುಜಕ್ಕೆ, ಕತ್ತಿನ ಕುಳಿಯಿಂದ ಕೆಳಗೆ. "ಜಾಸ್ತಿ ದಿನ ಇಲ್ಲ ಅಕ್ಕ" ಎಂದ.

"ಹಾಗಾದ್ರೆ ಚಳಿಗಾಲಕ್ಕೆ ಅಂತ ಯಾಕೆ ಇಟ್ಕೊಂಡು ಕೂರೋದು? ಇವತ್ತಿಂದಲೇ ಹಾಕ್ಕೋತೀನಿ. ನನಗೆ ಈಗ್ಲೇ ಚಳಿ."

ಮಗಳು ಔಷಧಿಯ ಪೊಟ್ಟಣ ಹಿಡಿದು ಬಾಗಿಲಿಗೆ ಬಂದಳು. ಹೊರಗಿನ ಬಿಸಿಲಿನಲ್ಲಿ ಅವಳ ಹಣೆ ಬೆವರಿತ್ತು. ಒಂದು ತೋಳಿನ ನೇರಳೆ ಸ್ವೆಟರು ತೊಟ್ಟು, ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡು, ಕನ್ನಡಿಯ ಎದುರಿಗೆ ಕೂತ ತಾಯಿಯನ್ನು ನೋಡಿ ಅವಳಿಗೆ ಏನೂ ಅರ್ಥವಾಗಲಿಲ್ಲ, ಅಥವಾ ಎಲ್ಲ ಒಟ್ಟಿಗೇ ಅರ್ಥವಾಯಿತು. "ಅಮ್ಮಾ, ಇದೇನಿದು ವೇಷ?" ಎಂದಳು, ಮತ್ತೆ ಅವನ ಕಡೆ, "ಮಾವ, ನಿಮಗೆ ಎಷ್ಟು ಸಲ..." ಎಂದು ನಿಲ್ಲಿಸಿದಳು. ಅವನ ಕೆಂಪು ಕಣ್ಣು ನೋಡಿದ್ದಳು.

"ಅವನನ್ನ ಯಾಕೆ ಬೈತೀಯ? ನೋಡು, ಎಲ್ಲಾದ್ರೂ ಒಂದು ಕಡೆ ದೊಗಳೆ ಇದೆಯಾ ಹೇಳು" ಎಂದಳು ಅಕ್ಕ, ಮಗಳ ಕೈಯನ್ನು ಎಳೆದು ತನ್ನ ಪಕ್ಕೆಯ ಮೇಲಿಟ್ಟುಕೊಂಡು. "ಇನ್ಮೇಲೆ ನೀನು ರಾತ್ರಿ ನಿದ್ದೆಗೆಟ್ಟು ಹೊಲಿಯೋದು ಬೇಡ. ಹಗಲು ಹೊತ್ತಲ್ಲೇ ಹೊಲಿ, ನಾನು ಹಿಡ್ಕೋತೀನಿ." ಮಗಳ ಮುಖ ಒಂದು ಸಲ ಸುಕ್ಕಾಯಿತು. ಪಕ್ಕೆಯ ಮೇಲಿನ ಕೈಯನ್ನು ಅವಳು ತೆಗೆಯಲಿಲ್ಲ. ಹಿಂದಿನ ಕೋಣೆಯಿಂದ ಬಂದ ಯಜಮಾನ, ಏನು ಫ್ಯಾಷನ್ನು ಮೇಡಮ್, ಅನ್ನಲು ಬಾಯಿ ತೆರೆದವನು ಮೂವರ ಮುಖವನ್ನೂ ನೋಡಿ ಬಾಯಿ ಮುಚ್ಚಿಕೊಂಡು ಲೆಡ್ಜರಿನ ಕಡೆ ತಿರುಗಿದ. ಅವನಿಗೂ ಅಷ್ಟು ಬುದ್ಧಿಯಿತ್ತು.

ಅವರಿಬ್ಬರೂ ಹೊರಟರು. ಮೆಟ್ಟಿಲ ಹತ್ತಿರ ಅಕ್ಕ ನಿಂತು, ಬಾಗಿಲ ಚೌಕಟ್ಟು ಹಿಡಿದು ತಿರುಗಿದಳು. ಒಂದು ಕೈ ಉಣ್ಣೆಯೊಳಗೆ ಬೆಚ್ಚಗಿತ್ತು, ಇನ್ನೊಂದು ಬರಿಗೈ ಬಿಸಿಲಿನಲ್ಲಿ ಇಷ್ಟೇ ಇಷ್ಟಾಗಿ ಕಾಣುತ್ತಿತ್ತು.

"ಇನ್ನೊಂದು ತೋಳು ಭಾನುವಾರ ತಾ."

"ತರ್ತೀನಿ ಅಕ್ಕ."

"ಇದರ ಜೋಡಿಗೆ ಹೆಣೀಬೇಡ. ಭಾನುವಾರದ ಕೈಗೆ ಹೆಣಿ."

ಬೀದಿಯಲ್ಲಿ ಜನ ತಿರುಗಿ ನೋಡುತ್ತಿದ್ದರು. ಅವನು ಅವರು ಮೂಲೆ ತಿರುಗುವವರೆಗೆ ನಿಂತಿದ್ದು ಒಳಗೆ ಬಂದ. ಬೋರಲಾಗಿದ್ದ ಕನ್ನಡಿಯನ್ನು ಎತ್ತಿ ಸರಿಯಾಗಿ ಇಟ್ಟ. ಚೀಲದಿಂದ ಉಂಡೆಯನ್ನೂ ಕಡ್ಡಿಗಳನ್ನೂ ತೆಗೆದು, ಗಿರಾಕಿಗಳು ಕೂರುವ ಸ್ಟೂಲಿನ ಮೇಲೇ, ಎಲ್ಲರಿಗೂ ಕಾಣುವ ಹಾಗೆ ಕೂತು ಮಣಿಕಟ್ಟಿನ ಕುಣಿಕೆಗಳನ್ನು ಏರಿಸತೊಡಗಿದ. ಬಲತೋಳಿಗೆ ಹಾಕಿದ್ದಕ್ಕಿಂತ ನಾಲ್ಕು ಕಮ್ಮಿ ಹಾಕಿದ. ಕಡ್ಡಿಯನ್ನು ಒಂದು ಗಳಿಗೆ ಬೆಳಕಿಗೆ ಹಿಡಿದು ನೋಡಿ, ಇನ್ನೂ ಎರಡನ್ನು ಇಳಿಸಿದ.